ನಾದದ ಹಿಟ್ಟು, ಮುಚ್ಚಿಟ್ಟ ಹಬೆ

ನಮ್ಮ ಕಡೆ ಬ್ರೆಡ್ಡಿನ ಹೊರಮೈಗೆ ಬೆಲೆಯಿಲ್ಲ. ಸ್ಯಾಂಡ್‌ವಿಚ್ ಮಾಡುವಾಗ ನಾಲ್ಕೂ ಅಂಚು ಕತ್ತರಿಸಿ ಬದಿಗಿಡುತ್ತೇವೆ. ಪೊಟ್ಟಣದ ಮೊದಲ ತುಂಡನ್ನೂ ಕೊನೆಯ ತುಂಡನ್ನೂ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ನಡುವಿನದ್ದೆಲ್ಲ ಖಾಲಿಯಾದ ಮೇಲೂ ಅವೆರಡು ಒಂದನ್ನೊಂದು ಅಪ್ಪಿಕೊಂಡು ಡಬ್ಬಿಯಲ್ಲೇ ಇರುತ್ತವೆ. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿಕೊಡುವ ಬ್ರೆಡ್ಡಾಗಲಿ, ಅಯ್ಯಂಗಾರ್ ಬೇಕರಿಯಲ್ಲಿ ಈರುಳ್ಳಿ, ಕ್ಯಾರೆಟ್ ಹುರಿದು ಮೇಲೆ ಹರಡಿಕೊಡುವ ಖಾರದ ಟೋಸ್ಟಾಗಲಿ, ಅದರ ಗುಣವನ್ನು ನಾವು ಅಳೆಯುವುದು ಮೆತ್ತನೆಯಿಂದ. ಅಂಗಡಿಯಲ್ಲಿ ಪೊಟ್ಟಣವನ್ನು ಬೆರಳಿನಿಂದ ಒತ್ತಿ ನೋಡುತ್ತೇವೆ. ತಗ್ಗಿ ಮೇಲೆದ್ದರೆ ಇವತ್ತಿನದು, ಇಲ್ಲದಿದ್ದರೆ ನಿನ್ನೆಯದು.

ಇದಕ್ಕೆ ಪೂರ್ತಿ ತಿರುಗುಮುರುಗಾದ ಇನ್ನೊಂದು ಜಾತಿಯ ಬ್ರೆಡ್ಡಿದೆ. ಅದರಲ್ಲಿ ಹೊರಮೈಯೇ ಮುಖ್ಯ. ಬಣ್ಣ ಹೊಂಬಣ್ಣವನ್ನು ದಾಟಿ ಕಂದು, ಅಲ್ಲಲ್ಲಿ ಕರಿ. ಹಲ್ಲಿನ ಚಾಕು ಇಟ್ಟರೆ ಕರಕರ ಸದ್ದು, ಮೇಜಿನ ತುಂಬ ಚೂರು. ಒಳಗೆ ಸಣ್ಣದು ದೊಡ್ಡದು ಎನ್ನದೆ ತೂತುಗಳು, ತುಸು ತೇವವೆನಿಸುವ ಎಳೆಯೆಳೆಯಾದ ತಿರುಳು. ಗೋವೆಯ ಉಂಡೋ, ಮುಂಬಯಿಯ ಇರಾನಿ ಹೋಟೆಲಿನ ಬ್ರುನ್ ಪಾವ್ ತಿಂದವರಿಗೆ ಇದರ ಸುಳಿವು ಸಿಕ್ಕಿರುತ್ತದೆ. ಆದರೆ ಫ್ರಾನ್ಸ್, ಇಟಲಿಗಳ ದೊಡ್ಡ ಗುಂಡು ಬ್ರೆಡ್ಡಿನ ದಪ್ಪ ಹೊರಪದರ ಮನೆಯ ಓವನ್ನಿನಲ್ಲಿ ಆಗದ ಮಾತು ಎಂದೇ ಬಹಳ ಕಾಲ ನಂಬಿಕೆಯಿತ್ತು. ಅದಕ್ಕೆ ಕಲ್ಲು ಹಾಸಿನ ಒಲೆ ಬೇಕು, ಒಲೆಯೊಳಕ್ಕೆ ಹಬೆ ಬಿಡುವ ಕೊಳವೆ ಬೇಕು, ಹಿಟ್ಟನ್ನು ನಾದಿ ನಾದಿ ಪಳಗಿದ ಕೈ ಬೇಕು. ಮನೆಯಲ್ಲಿ ಹಟ ಹಿಡಿದವರು ಓವನ್ನಿನ ತಳದಲ್ಲಿ ಕಾದ ತಟ್ಟೆಯಿಟ್ಟು ಅದಕ್ಕೆ ನೀರು ಸುರಿಯುತ್ತಿದ್ದರು, ಬಾಗಿಲು ತೆರೆದು ಗೋಡೆಗೆ ನೀರು ಚಿಮುಕಿಸುತ್ತಿದ್ದರು. ಹಬೆಯ ಬಹುಪಾಲು ಬಾಗಿಲ ಸಂದಿಯಿಂದ ಹೊರಗೆ ಹೋಗುತ್ತಿತ್ತು.

2006ರ ನವೆಂಬರ್ 8, ಬುಧವಾರ, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಅಡುಗೆ ಪುಟದಲ್ಲಿ ಒಂದು ಬರಹ ಬಂತು. ಬರೆದವರು ಮಾರ್ಕ್ ಬಿಟ್‌ಮನ್. ಕಡಿಮೆ ಸಾಮಾನು, ಕಡಿಮೆ ಕೆಲಸ ಎಂಬುದೇ ಅವರ ‘ದಿ ಮಿನಿಮಲಿಸ್ಟ್’ ಅಂಕಣದ ವ್ರತವಾಗಿತ್ತು. ಈ ಸಲ ಅವರು ಹೋಗಿದ್ದು ಜಿಮ್ ಲೇಹಿ ಎಂಬ ಬೇಕರಿಯವನ ಹತ್ತಿರ. ಲೇಹಿ ಶಿಲ್ಪಕಲೆ ಓದುತ್ತಿದ್ದವನು. ಇಟಲಿಗೆ ಹೋಗಿ ಬ್ರೆಡ್ ಮಾಡುವುದನ್ನು ಕಲಿತು ಬಂದು 1994ರಲ್ಲಿ ನ್ಯೂಯಾರ್ಕಿನಲ್ಲಿ ಸಲಿವನ್ ಸ್ಟ್ರೀಟ್ ಬೇಕರಿ ತೆರೆದವನು. ನಾದುವ ಕೆಲಸವೇ ಇಲ್ಲದ, ಚಿಕ್ಕ ಮಕ್ಕಳೂ ಮಾಡಬಹುದಾದ ಬ್ರೆಡ್ಡು ತನ್ನಲ್ಲಿದೆ ಎಂದು ಅವನೇ ಬಿಟ್‌ಮನ್‌ಗೆ ಹೇಳಿಕಳಿಸಿದ್ದ.

ಅವನ ಲೆಕ್ಕ ಇಷ್ಟೇ. ಮೂರು ಕಪ್ ಹಿಟ್ಟು, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದೂಕಾಲು ಟೀ ಚಮಚ ಉಪ್ಪು, ಒಂದೂವರೆ ಕಪ್ಪಿಗಿಂತ ಸ್ವಲ್ಪ ಹೆಚ್ಚು ನೀರು. ಕೈಯಲ್ಲೋ ಸೌಟಿನಲ್ಲೋ ಅರ್ಧ ನಿಮಿಷ ಕಲಸಿ ಮುಚ್ಚಿಡುವುದು. ಹನ್ನೆರಡರಿಂದ ಹದಿನೆಂಟು ಗಂಟೆ ಅದರ ಕಡೆ ತಿರುಗಿಯೂ ನೋಡಬೇಕಾಗಿಲ್ಲ. ಆಮೇಲೆ ಹಿಟ್ಟು ಉದುರಿಸಿದ ಹಲಗೆಯ ಮೇಲೆ ಸುರಿದು ಒಂದೆರಡು ಸಲ ಮಡಚಿ, ಉಂಡೆಯಂತೆ ಮಾಡಿ, ಬಟ್ಟೆಯಲ್ಲಿ ಎರಡು ಗಂಟೆ ಬಿಡುವುದು. ಮುಚ್ಚಳವಿರುವ ದಪ್ಪ ಪಾತ್ರೆಯನ್ನು ಓವನ್ನಿನಲ್ಲಿ 230 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅರ್ಧ ಗಂಟೆ ಕಾಯಿಸಿ, ಕಾದ ಪಾತ್ರೆಗೆ ಹಿಟ್ಟನ್ನು ಬೀಳಿಸಿ, ಮುಚ್ಚಳ ಹಾಕಿ ಅರ್ಧ ಗಂಟೆ, ತೆಗೆದು ಇನ್ನೊಂದು ಹದಿನೈದರಿಂದ ಮೂವತ್ತು ನಿಮಿಷ. ಮುಗಿಯಿತು. ಪತ್ರಿಕೆಯ ಆ ಅಂಕಣದ ಪಾಕಗಳಲ್ಲಿ ಇದರಷ್ಟು ಊರೂರು ಸುತ್ತಿದ್ದು ಬಹುಶಃ ಇನ್ನೊಂದಿಲ್ಲ. ಓದುಗರ ಪ್ರಶ್ನೆಗಳು ಎಷ್ಟು ಬಂದವೆಂದರೆ ಬಿಟ್‌ಮನ್ ಮುಂದಿನ ತಿಂಗಳೇ ಅಳತೆ, ಉಪ್ಪು, ಹೊತ್ತಿನ ಬಗ್ಗೆ ಇನ್ನೊಂದು ಬರಹ ಬರೆಯಬೇಕಾಯಿತು. ಲೇಹಿ 2009ರಲ್ಲಿ ‘ಮೈ ಬ್ರೆಡ್’ ಎಂಬ ಪುಸ್ತಕ ತಂದ. ಅದರಲ್ಲಿ ಕಪ್ಪಿನ ಜೊತೆಗೆ ತೂಕವೂ ಬಂದಿತ್ತು, ನೀರೂ ಇಳಿದಿತ್ತು: 400 ಗ್ರಾಂ ಹಿಟ್ಟಿಗೆ 300 ಗ್ರಾಂ ನೀರು, 8 ಗ್ರಾಂ ಉಪ್ಪು, 1 ಗ್ರಾಂ ಯೀಸ್ಟ್. 2015ರಲ್ಲಿ ಅಮೆರಿಕದ ಜೇಮ್ಸ್ ಬಿಯರ್ಡ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಬೇಕರ್ ಎಂಬ ಗೌರವ ಅವನಿಗೆ ಸಿಕ್ಕಿತು.

ಬ್ರೆಡ್ಡಿಗೆ ಅಂಟಿಕೊಂಡ ಹೆಸರು ಮಾತ್ರ ‘ನಾದದ ಬ್ರೆಡ್ಡು’ ಎಂದು. ಜನ ಮರುಳಾಗಿದ್ದು ಅದಕ್ಕೇ. ನನಗೆ ಅನಿಸುವುದು ಬೇರೆ: ಈ ಪಾಕದಲ್ಲಿ ನಾದದಿರುವುದು ದೊಡ್ಡ ಸಂಗತಿಯೇ ಅಲ್ಲ. ದೊಡ್ಡದು ಆ ಪಾತ್ರೆ ಮತ್ತು ಅದರ ಮುಚ್ಚಳ. ಬೇಕಾದರೆ ಪರೀಕ್ಷೆ ಮಾಡಿ. ಚೆನ್ನಾಗಿ ನಾದಿದ ಮಾಮೂಲಿ ಬ್ರೆಡ್ಡಿನ ಹಿಟ್ಟನ್ನು ಕಾದ ಪಾತ್ರೆಯಲ್ಲಿ ಮುಚ್ಚಿ ಬೇಯಿಸಿದರೆ ಹೊರಪದರ ಗರಿಗರಿಯಾಗಿಯೇ ಬರುತ್ತದೆ. ನಾದದೆ ಹದಿನೆಂಟು ಗಂಟೆ ಕಾದ ಹಿಟ್ಟನ್ನು ತೆರೆದ ತಟ್ಟೆಯಲ್ಲಿಟ್ಟು ಬೇಯಿಸಿದರೆ ಬಿಳಚಿಕೊಂಡ, ಜಗಿದರೆ ಚರ್ಮದಂತೆ ಎಳೆಯುವ ಸಿಪ್ಪೆ ಬರುತ್ತದೆ. ರುಚಿ ಕೊಡುವುದು ಹೊತ್ತು. ಗರಿ ಕೊಡುವುದು ಮುಚ್ಚಳ.

ಮೊದಲು ಹೊತ್ತಿನ ವಿಚಾರ. ಗೋಧಿಯಲ್ಲಿ ಗ್ಲೂಟೆನಿನ್, ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳಿವೆ. ಒಂದು ಸೆಟೆಯುವ ಗುಣದ್ದು, ಇನ್ನೊಂದು ಜಗ್ಗುವ ಗುಣದ್ದು. ನೀರು ಸೋಕಿದ ಕೂಡಲೇ ಇವೆರಡೂ ಹೆಣೆದುಕೊಂಡು ಗ್ಲುಟೆನ್ ಎಂಬ ಅಂಟಿನ ಜಾಲವಾಗುತ್ತವೆ. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುವುದು ಈ ಜಾಲ. ನಾದುವುದೆಂದರೆ ಈ ಹೆಣಿಗೆಯನ್ನು ಬಲವಂತವಾಗಿ, ಬೇಗ ಮಾಡಿಸುವುದು. ಹಿಟ್ಟು ಗಟ್ಟಿಯಾಗಿದ್ದರೆ ಬಲವಂತ ಬೇಕೇ ಬೇಕು. ಆದರೆ ನೂರು ಭಾಗ ಹಿಟ್ಟಿಗೆ ಎಪ್ಪತ್ತೈದು ಭಾಗ ನೀರಿರುವ ಇಂಥ ಸಡಿಲ ಹಿಟ್ಟಿನಲ್ಲಿ ಪ್ರೋಟೀನಿನ ಎಳೆಗಳು ಓಡಾಡಿ ತಾವೇ ಜೊತೆ ಹುಡುಕಿಕೊಳ್ಳುತ್ತವೆ. ಹಿಟ್ಟಿನಲ್ಲೇ ಇರುವ ಕಿಣ್ವಗಳು ಸಿಕ್ಕುಬಿದ್ದ ಎಳೆಗಳನ್ನು ಅಲ್ಲಲ್ಲಿ ತುಂಡರಿಸಿ ಬಿಡಿಸುತ್ತವೆ. ಹಿಗ್ಗುವ ಗಾಳಿಗುಳ್ಳೆಗಳು ಅವನ್ನು ಎಳೆದು ಹಿಗ್ಗಿಸುತ್ತವೆ. ನಾದುವ ಕೆಲಸವನ್ನು ಯೀಸ್ಟೇ ಒಳಗಿನಿಂದ ಮಾಡಿಬಿಡುತ್ತದೆ. ಅಷ್ಟು ಹೊತ್ತು ಇರುವುದರಿಂದ ಯೀಸ್ಟ್ ಕಾಲು ಚಮಚ ಸಾಕು. ಅದು ಅಲ್ಲೇ ಸಂತಾನ ಬೆಳೆಸಿಕೊಳ್ಳುತ್ತದೆ. ಜೊತೆಗೆ ಬ್ಯಾಕ್ಟೀರಿಯಾಗಳು ಸೇರಿ ಒಂದಿಷ್ಟು ಹುಳಿ, ಒಂದಿಷ್ಟು ಪರಿಮಳ. ಸಂಜೆ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಿನ ಹೊತ್ತಿಗೆ ಏನಾಗಿರುತ್ತದೆ ಎಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾದದೆಯೂ ಬ್ರೆಡ್ ಆಗುತ್ತದೆಂದು ಲೇಹಿಗಿಂತ ಮೊದಲೇ ಗೊತ್ತಿದ್ದವರು ಇದ್ದರು. ಬ್ರಿಟನ್ನಿನಲ್ಲಿ ಡೋರಿಸ್ ಗ್ರ್ಯಾಂಟ್ ಎಂಬ ಹೆಂಗಸು ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರ ತಮ್ಮ ‘ಯುವರ್ ಡೈಲಿ ಬ್ರೆಡ್’ ಪುಸ್ತಕದ ಮೂಲಕ, ಇಡೀ ಗೋಧಿಹಿಟ್ಟಿನ ನಾದದ ಬ್ರೆಡ್ಡನ್ನು ಮನೆಮಾತು ಮಾಡಿದರು. ‘ಗ್ರ್ಯಾಂಟ್ ಲೋಫ್’ ಎಂಬ ಹೆಸರು ಇವತ್ತಿಗೂ ಅಲ್ಲಿ ಇದೆ. ಒಂದು ಕಾಲದಲ್ಲಿ ನಾದಲು ಮರೆತೇಹೋಗಿ, ಮರೆತದ್ದರಿಂದ ಬ್ರೆಡ್ಡಿಗೆ ಏನೂ ಕೆಡುಕಾಗಲಿಲ್ಲ ಎಂದು ಆಮೇಲೆ ಅವರ ಗಮನಕ್ಕೆ ಬಂತಂತೆ. ಆ ಬ್ರೆಡ್ಡು ಒಳ್ಳೆಯದೇ, ಆದರೆ ಅಚ್ಚಿನ ತಗಡಿನಲ್ಲಿ ಬೆಂದ ಮಂದವಾದ ಬ್ರೆಡ್ಡು. ಗರಿಗರಿಗೂ ಅದಕ್ಕೂ ಸಂಬಂಧವಿಲ್ಲ. 1999ರಲ್ಲಿ ಅಮೆರಿಕದ ಸುಝೇನ್ ಡನವೇ ಇದೇ ವಿಷಯಕ್ಕೆ ಒಂದು ಪುಸ್ತಕವನ್ನೇ ಮೀಸಲಿಟ್ಟಿದ್ದರು.

ಇವರೆಲ್ಲ ನಾದುವುದನ್ನು ಬಿಡುತ್ತಿದ್ದರೆ ಉದ್ಯಮ ಎದುರು ದಿಕ್ಕಿಗೆ ಹೊರಟಿತ್ತು. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್ ಎಂಬ ಊರಿನ ಸಂಶೋಧನಾ ಸಂಸ್ಥೆಯಲ್ಲಿ ಹೊಸ ವಿಧಾನವೊಂದು ಸಿದ್ಧವಾಯಿತು. ಭಾರಿ ವೇಗದ ಯಂತ್ರದಲ್ಲಿ ಕೆಲವೇ ನಿಮಿಷ ಹಿಟ್ಟನ್ನು ಬಡಿದು, ಗಂಟೆಗಟ್ಟಲೆ ಹುದುಗುವ ಕಾಲವನ್ನು ಅಳಿಸಿಹಾಕುವ ವಿಧಾನ. ಗೋಧಿಹಿಟ್ಟಿನಿಂದ ಹೋಳು ಮಾಡಿದ ಬ್ರೆಡ್ಡಿನವರೆಗೆ ನಾಲ್ಕು ಗಂಟೆಯೊಳಗೆ ಕೆಲಸ ಪೂರೈಸುತ್ತದೆ. ಬ್ರಿಟನ್ನಿನ ಬಹುಪಾಲು ಬ್ರೆಡ್ಡು ಇವತ್ತೂ ಆ ದಾರಿಯದ್ದು. ಫ್ರಾನ್ಸಿನ ಬ್ರೆಡ್ ಪಂಡಿತ ರೇಮಂಡ್ ಕಾಲ್ವೆಲ್ ಯಂತ್ರದ ಈ ಅತಿನಾದುವಿಕೆಯ ಮೇಲೆ ಬಹಳ ಸಿಟ್ಟಾಗಿದ್ದರು. ಅತಿಯಾಗಿ ಬಡಿದಾಗ ಗಾಳಿಯ ಆಮ್ಲಜನಕ ಸೇರಿ ಹಿಟ್ಟಿನ ತೆಳು ಹಳದಿ ಬಣ್ಣವೂ, ಅದರೊಂದಿಗೆ ರುಚಿಯೂ ಹಾರಿಹೋಗುತ್ತವೆ ಎಂಬುದು ಅವರ ವಾದ. ಹಿಟ್ಟು ನೀರು ಎರಡನ್ನೇ ಕಲಸಿ ಸ್ವಲ್ಪ ಹೊತ್ತು ಸುಮ್ಮನೆ ಬಿಡಿ, ನಾದುವ ಶ್ರಮ ಇಳಿಯುತ್ತದೆ ಎಂದು ತೋರಿಸಿಕೊಟ್ಟವರೂ ಅವರೇ. ಲೇಹಿಯ ಪಾಕ ಆ ‘ಸ್ವಲ್ಪ ಹೊತ್ತ’ನ್ನು ಒಂದು ಇಡೀ ರಾತ್ರಿಗೆ ಹಿಗ್ಗಿಸಿತು. ನಮ್ಮಲ್ಲೂ ಹೊತ್ತಿನ ಜಾಗದಲ್ಲಿ ಬೇರೆಯದನ್ನು ಕೂರಿಸುವ ಅಭ್ಯಾಸ ಇತ್ತು: ಹಿಟ್ಟಿಗೆ ಬೇಗ ಬಲ ತರಲು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದ್ದು 2016ರಲ್ಲಿ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬ್ರೆಡ್ಡಿನ ಮಾದರಿಗಳನ್ನು ಪರೀಕ್ಷಿಸಿ ವರದಿ ಕೊಟ್ಟ ಮೇಲೆ.

ಇನ್ನು ಪಾತ್ರೆ. 400 ಗ್ರಾಂ ಹಿಟ್ಟು, 300 ಗ್ರಾಂ ನೀರು ಸೇರಿ ಏಳುನೂರು ಗ್ರಾಮಿನ ಮುದ್ದೆ. ಬೇಯುವಾಗ ಅದರಿಂದ ಎಂಬತ್ತು ಗ್ರಾಮಿನಷ್ಟು ನೀರಂತೂ ಆವಿಯಾಗಿ ಹೋಗುತ್ತದೆ. ಒಂದು ಗ್ರಾಂ ನೀರು ಕುದಿದು ಹಬೆಯಾದರೆ ಹೆಚ್ಚುಕಡಿಮೆ 1.7 ಲೀಟರ್ ಜಾಗ ಹಿಡಿಯುತ್ತದೆ. ಅಂದರೆ ಒಂದು ಬ್ರೆಡ್ಡು ನೂರ ಮೂವತ್ತು ಲೀಟರಿಗೂ ಮಿಕ್ಕಿ ಹಬೆ ಬಿಡುತ್ತದೆ. ತೆರೆದ ಓವನ್ನಿನಲ್ಲಿ ಅದು ಚದುರಿ ಹೋಗುತ್ತದೆ. ನಾಲ್ಕು ಲೀಟರಿನ ಪಾತ್ರೆಯೊಳಗೆ ಮುಚ್ಚಿಟ್ಟರೆ, ಸಂದಿಯಲ್ಲಿ ಸೋರುವುದು ಸೋರಿದರೂ ಒಳಗೆಲ್ಲ ಹಬೆಯೇ. ಬೇಕರಿಯವರು ಕೊಳವೆ ಹಾಕಿಸಿ, ಬಾಯ್ಲರ್ ಇಟ್ಟು ತರಿಸಿಕೊಳ್ಳುವುದನ್ನು ಇಲ್ಲಿ ಬ್ರೆಡ್ಡು ತಾನೇ ಹುಟ್ಟಿಸಿಕೊಳ್ಳುತ್ತದೆ.

ಆ ಹಬೆ ಮಾಡುವ ಕೆಲಸ ಎರಡು. ತಣ್ಣಗಿರುವ ಹಿಟ್ಟಿನ ಮೈಮೇಲೆ ಅದು ಮತ್ತೆ ನೀರಾಗಿ ಕೂತು ತನ್ನ ಕಾವನ್ನೆಲ್ಲ ಅದಕ್ಕೆ ಕೊಡುತ್ತದೆ. ಮೈ ಒದ್ದೆಯಿರುವುದರಿಂದ ಬೇಗ ಒಣಗಿ ಬಿಗಿಯುವುದಿಲ್ಲ. ಒಳಗಿನ ಗಾಳಿ ಹಿಗ್ಗುವಷ್ಟೂ ಹಿಟ್ಟು ಮೇಲೇಳುತ್ತದೆ. ಮೊದಲ ಹತ್ತು ಹದಿನೈದು ನಿಮಿಷದಲ್ಲೇ ಈ ಏರಿಕೆ ಮುಗಿಯುತ್ತದೆ. ಇನ್ನೊಂದು, ಮೇಲ್ಮೈಯ ಪಿಷ್ಟ ಆ ನೀರನ್ನು ಹೀರಿ, ಅರವತ್ತು ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಗಂಜಿಗಟ್ಟಿ ತೆಳು ಪೊರೆಯಾಗುತ್ತದೆ. ಮುಚ್ಚಳ ತೆಗೆದ ಮೇಲೆ ಒಣಗಿ, ಬಣ್ಣ ಏರಿ, ಹೊಳೆಯುವ ಹೊರಪದರವಾಗುವುದು ಈ ಪೊರೆ. ಮೇಲ್ಮೈ 140 ಡಿಗ್ರಿ ದಾಟಿದಾಗ ಸಕ್ಕರೆ, ಪ್ರೋಟೀನುಗಳು ಕೂಡಿ ಕಂದಾಗುತ್ತವೆ. ಹುರಿದ ಕಾಫಿಬೀಜದಿಂದ ಹಿಡಿದು ಕಾವಲಿಗೆ ತಾಗಿದ ದೋಸೆಯವರೆಗೆ ಎಲ್ಲ ಕಡೆಯೂ ನಡೆಯುವ ರಸಾಯನ. ರಾತ್ರಿಯೆಲ್ಲ ಹುದುಗಿದ ಹಿಟ್ಟಿನಲ್ಲಿ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡಿಟ್ಟಿರುವುದರಿಂದ ಬಣ್ಣ ಇನ್ನೂ ಗಾಢ. ಹೊತ್ತು ಮತ್ತು ಮುಚ್ಚಳ ಒಂದಕ್ಕೊಂದು ನೆರವಾಗುವುದು ಇಲ್ಲಿ.

ಪಾತ್ರೆ ಮುಚ್ಚಿ ಬ್ರೆಡ್ ಬೇಯಿಸುವುದನ್ನು ನ್ಯೂಯಾರ್ಕಿನವರು ಕಂಡುಹಿಡಿಯಲಿಲ್ಲ. ರೋಮಿನ ಕ್ಯಾಟೊ, ಕ್ರಿಸ್ತಪೂರ್ವ 160ರ ಸುಮಾರಿಗೆ, ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಬ್ರೆಡ್ಡಿನ ಪಾಕ ಕೊಟ್ಟಿದ್ದಾನೆ. ಕೈಯನ್ನೂ ಒರಳನ್ನೂ ಚೆನ್ನಾಗಿ ತೊಳೆದುಕೊಳ್ಳುವುದರಿಂದ ಶುರು. ಹಿಟ್ಟಿಗೆ ಸ್ವಲ್ಪ ಸ್ವಲ್ಪ ನೀರು ಬಿಟ್ಟು ಚೆನ್ನಾಗಿ ನಾದಬೇಕು. ಆಕಾರ ಕೊಟ್ಟು ಮಣ್ಣಿನ ಪಾತ್ರೆ ಬೋರಲು ಮುಚ್ಚಿ ಬೇಯಿಸಬೇಕು. ಅವನದ್ದು ನಾದಿದ ಹಿಟ್ಟು ಎಂಬುದನ್ನು ಗಮನಿಸಿ. ಐರ್ಲೆಂಡಿನ ಹಳ್ಳಿಮನೆಗಳಲ್ಲಿ ಬಾಸ್ಟಿಬಲ್ ಎಂಬ ಎರಕದ ಕಬ್ಬಿಣದ ಪಾತ್ರೆಯನ್ನು ಬೆಂಕಿಯ ಮೇಲೆ ತೂಗುಬಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಿ ಬ್ರೆಡ್ ಮಾಡುತ್ತಿದ್ದರು. ದಕ್ಷಿಣ ಆಫ್ರಿಕದ ಪಾಟ್‌ಬ್ರೂಡ್ ಕೂಡ ಹಾಗೆಯೇ. 1977ರಲ್ಲಿ ಎಲಿಝಬೆತ್ ಡೇವಿಡ್ ಇಂಗ್ಲಿಷ್ ಬ್ರೆಡ್ಡಿನ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಪಾತ್ರೆ ಕವುಚಿ ಬೇಯಿಸುವ ಹಳೆಯ ಪದ್ಧತಿಯನ್ನು ನೆನಪಿಸಿದ್ದರು. ಓವನ್ ಎಂಬುದನ್ನೇ ಕಾಣದ ನಮ್ಮ ಮನೆಗಳಲ್ಲಿ ಕೇಕ್ ಮಾಡಬೇಕೆಂದಾಗ ಪಾತ್ರೆಯ ಕೆಳಗೂ ತಟ್ಟೆಯ ಮೇಲೂ ಕೆಂಡ ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಲೇಹಿ ಮಾಡಿದ ಹೊಸತೆಂದರೆ ಹಳೆಯ ಪಾತ್ರೆಯನ್ನು ಹೊಸ ಓವನ್ನಿನ ಒಳಗೆ ಇಟ್ಟದ್ದು. ಸಣ್ಣ ಮಾತಲ್ಲ ಅದು. ನೂರಾರು ಬ್ರೆಡ್ ಪುಸ್ತಕಗಳು ನೀರು ಚಿಮುಕಿಸಿ ಎಂದು ಬರೆಯುತ್ತಿದ್ದಾಗ ಮುಚ್ಚಳ ಹಾಕಿ ಎಂದು ಹೇಳಲು ಒಬ್ಬ ಬೇಕಾಯಿತು.

ಈಗ ನಮ್ಮ ಅಡುಗೆಮನೆಗೆ ಬರೋಣ. ಇಲ್ಲಿ ಮೊದಲ ತೊಡಕು ಪಾತ್ರೆಯದೇ. ಅಮೆರಿಕದ ಪಾಕ ಹೇಳುವ ಎನಾಮಲ್ ಬಳಿದ ಎರಕದ ಪಾತ್ರೆಗಳು ದುಬಾರಿ, ನಮ್ಮ ಓಟಿಜಿ ಎಂಬ ಚಿಕ್ಕ ಓವನ್ನುಗಳೊಳಗೆ ಹಿಡಿಸುವುದೂ ಕಷ್ಟ. ಕೆಲವದರ ಮುಚ್ಚಳದ ಕರಿ ಗುಬುಟು ಇಷ್ಟು ಕಾವಿಗೆ ತಾಳುವುದೂ ಇಲ್ಲ. ಲೋಹದ ಗುಬುಟನ್ನು ಬೇರೆ ಕೊಳ್ಳಬೇಕು. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿಯಾಗಿ ಅಷ್ಟು ಕಾಯಿಸುವುದು ಬೇಡವೇ ಬೇಡ. ಅದರ ಬದಲು ಕ್ಯಾಟೊನ ದಾರಿ ಹಿಡಿಯಬಹುದು. ಎರಕದ ದೋಸೆ ಕಾವಲಿ, ಹಿಡಿ ಇಲ್ಲದ್ದೋ ಗಿಡ್ಡ ಕಿವಿಯದ್ದೋ, ಎಲ್ಲ ಮನೆಯಲ್ಲೂ ಇರುತ್ತದೆ. ಅದನ್ನು ಓಟಿಜಿಯಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟನ್ನು ಅದರ ಮೇಲಿಟ್ಟು, ಮೇಲೆ ಒಂದು ಆಳದ ಸ್ಟೀಲ್ ಪಾತ್ರೆಯನ್ನು ಬೋರಲು ಹಾಕಿದರೆ ಆಯಿತು. ಅಂಚು ಸಪಾಟಾಗಿ ಕೂರಬೇಕು, ಹಿಟ್ಟಿನ ಸುತ್ತಲೂ ಮೇಲೂ ಎರಡೆರಡು ಬೆರಳು ಜಾಗ ಇರಬೇಕು. ಕಾದ ಪಾತ್ರೆಯ ಆಳಕ್ಕೆ ಸಡಿಲ ಹಿಟ್ಟನ್ನು ಬೀಳಿಸುವಾಗ ಕೈ ಸುಟ್ಟುಕೊಳ್ಳುವ ಭಯವೂ ಇದರಲ್ಲಿ ಕಡಿಮೆ. ಎರಕದ ಬಾಣಲೆಗೆ ಸರಿಹೊಂದುವ ಮುಚ್ಚಳವಿದ್ದರೆ ಅದೂ ಒಳ್ಳೆಯದೇ.

ಓಟಿಜಿ ಎಷ್ಟು ದೊಡ್ಡದು ಎಂಬುದು ಮುಖ್ಯ. ಮೂವತ್ತು ಲೀಟರಿಗಿಂತ ಚಿಕ್ಕದರಲ್ಲಿ ಪಾತ್ರೆಯ ನೆತ್ತಿ ಮೇಲಿನ ರಾಡಿಗೆ ತಾಗುವಂತಾಗುತ್ತದೆ. ಹಾಗಿದ್ದರೆ ಹಿಟ್ಟನ್ನು ಅರ್ಧ ಮಾಡಿಕೊಳ್ಳಿ, 200 ಗ್ರಾಂ ಹಿಟ್ಟಿನ ಬ್ರೆಡ್ಡಿಗೆ ಏನೂ ಊನವಿಲ್ಲ. ಎರಡೂ ರಾಡು ಹಾಕಿ, ಬಿರಡೆಯನ್ನು 250ಕ್ಕೆ ತಿರುಗಿಸಿ, ಅರ್ಧ ಗಂಟೆ ಎಂದು ಬರೆದಿದ್ದರೆ ನಲವತ್ತು ನಿಮಿಷ ಕಾಯಿಸಿ. ಓಟಿಜಿಯ ತೆಳು ತಗಡಿನ ಗೋಡೆ ಕಾವು ಹಿಡಿದಿಡುವುದಿಲ್ಲ. ಹಿಡಿದಿಡಬೇಕಾದ್ದು ಒಳಗಿನ ಕಬ್ಬಿಣ. ಮುಚ್ಚಳ ತೆಗೆದ ಮೇಲೆ ಮೇಲಿನ ರಾಡು ಬಹಳ ಹತ್ತಿರವಿದ್ದರೆ ಅದನ್ನು ಆರಿಸಿ. 1500 ವಾಟಿನ ಓಟಿಜಿ ಒಂದೂವರೆ ಗಂಟೆ ಉರಿದರೆ ಎರಡು ಯೂನಿಟ್ಟಿನ ಸುತ್ತಮುತ್ತ ವಿದ್ಯುತ್ ಆಗುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಒಂದೇ ಬ್ರೆಡ್ಡಿಗೆ ಅದು ದುಂದು ಅನಿಸಿದರೆ, ಒಂದಾದ ಮೇಲೊಂದು ಎರಡು ಬೇಯಿಸಿ ಪಕ್ಕದ ಮನೆಗೂ ಕೊಡಬಹುದು.

ಎರಡನೇ ತೊಡಕು ಗಡಿಯಾರ. ಲೇಹಿಯ ಹದಿನೆಂಟು ಗಂಟೆ 21 ಡಿಗ್ರಿಯ ಕೋಣೆಯ ಲೆಕ್ಕ. ನ್ಯೂಯಾರ್ಕಿನ ನವೆಂಬರಿನಲ್ಲಿ ಹೀಟರ್ ಹಾಕಿದ ಮನೆ ಅಷ್ಟೇ ಇರುತ್ತದೆ. ನಮ್ಮಲ್ಲಿ ಆ ಹವೆ ಸಿಗುವುದು ಬೆಂಗಳೂರು, ಮೈಸೂರು, ಮಡಿಕೇರಿಯ ಕಡೆ, ಡಿಸೆಂಬರ್ ಜನವರಿಯಲ್ಲಿ. ಎಂಟು ಹತ್ತು ಡಿಗ್ರಿ ಏರಿದರೆ ಯೀಸ್ಟಿನ ಕೆಲಸ ಹೆಚ್ಚುಕಡಿಮೆ ಎರಡು ಪಟ್ಟು ಚುರುಕಾಗುತ್ತದೆ. ಮಂಗಳೂರಿನ ಮೂವತ್ತು ಡಿಗ್ರಿಯ ಸೆಖೆಯಲ್ಲಿ ಹದಿನೆಂಟು ಗಂಟೆ ಬಿಟ್ಟರೆ ಬೆಳಗ್ಗೆ ಹಿಟ್ಟು ಉಬ್ಬಿ, ಕುಸಿದು, ಹುಳಿ ನಾರುತ್ತಿರುತ್ತದೆ. ಅಲ್ಲಿ ಏಳೆಂಟು ಗಂಟೆಯೇ ಹೆಚ್ಚು. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಅದಕ್ಕಿಂತಲೂ ಬೇಗ. ಅಂಥ ಕಡೆ ಯೀಸ್ಟನ್ನು ಒಂದು ಚಿಟಿಕೆಗೆ ಇಳಿಸಿ, ಫ್ರಿಜ್ಜಿನ ತಣ್ಣೀರಿನಲ್ಲಿ ಕಲಸುವುದು ಒಂದು ದಾರಿ. ಇನ್ನೂ ನೆಚ್ಚಬಹುದಾದದ್ದು, ಕಲಸಿ ಎರಡು ಗಂಟೆ ಹೊರಗಿಟ್ಟು ಆಮೇಲೆ ಫ್ರಿಜ್ಜಿಗೆ ಸೇರಿಸಿಬಿಡುವುದು. ನಾಲ್ಕೈದು ಡಿಗ್ರಿಯಲ್ಲಿ ಅದು ನಿಧಾನಕ್ಕೆ ಹುದುಗುತ್ತ ಎರಡು ದಿನ ಕೆಡದೆ ಇರುತ್ತದೆ, ರುಚಿಯೂ ಏರುತ್ತದೆ. ತಣ್ಣಗಿರುವ ಹಿಟ್ಟು ಕೈಗೆ ಅಂಟುವುದೂ ಕಡಿಮೆ. ಗಂಟೆಯನ್ನು ನೋಡುವುದಕ್ಕಿಂತ ಹಿಟ್ಟನ್ನು ನೋಡಿ: ಎರಡು ಪಟ್ಟಾಗಿ, ಮೇಲೆಲ್ಲ ಗುಳ್ಳೆಯೆದ್ದು, ಪಾತ್ರೆ ಅಲ್ಲಾಡಿಸಿದರೆ ಅದೂ ಅಲ್ಲಾಡಬೇಕು. ನೆತ್ತಿ ಒಳಕ್ಕೆ ಕುಸಿಯತೊಡಗಿದ್ದರೆ ತಡವಾಯಿತೆಂದು ತಿಳಿದು ಕೂಡಲೇ ಮಡಚಿ ಬೇಯಿಸುವುದು ಒಳ್ಳೆಯದು.

ಮೂರನೆಯದು ಹಿಟ್ಟು. ನಮ್ಮ ಮೈದಾ ಪೊಟ್ಟಣದ ಹಿಂದೆ ಪ್ರೋಟೀನು ನೂರು ಗ್ರಾಮಿಗೆ ಹತ್ತು, ಹನ್ನೊಂದು ಎಂದಿರುತ್ತದೆ. ಅಮೆರಿಕದ ಬ್ರೆಡ್ ಹಿಟ್ಟಿನಲ್ಲಿ ಹನ್ನೆರಡು, ಹದಿಮೂರು. ನಮ್ಮ ಮೈದಾ ಅಷ್ಟು ನೀರು ಹೊರುವುದಿಲ್ಲ. 300ರ ಬದಲು 270, 280 ಗ್ರಾಮಿನಿಂದ ಶುರುಮಾಡಿ. ಚಪಾತಿ ಹಿಟ್ಟಿನದ್ದು ಬೇರೆಯೇ ಕಥೆ. ಅದರಲ್ಲಿ ಪ್ರೋಟೀನು ಹೆಚ್ಚೇ ಇರುತ್ತದೆ, ಆದರೆ ಗಿರಣಿಯ ಕಲ್ಲಿನ ಉಜ್ಜುವಿಕೆಯಲ್ಲಿ ಪಿಷ್ಟದ ಕಣಗಳು ಜಜ್ಜಿಹೋಗಿರುತ್ತವೆ. ಜಜ್ಜಿದ ಪಿಷ್ಟ ನೀರನ್ನು ಬಹಳ ಕುಡಿಯುತ್ತದೆ. ಚಪಾತಿಗೆ ಅದು ವರ, ಮೆತ್ತಗೆ ಬರುವುದು ಅದರಿಂದಲೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಚಪಾತಿ ಹಿಟ್ಟಿನ ಈ ಗುಣಗಳನ್ನು ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಬ್ರೆಡ್ಡಿಗೆ ಮಾತ್ರ ಅದು ಭಾರ. ಜೊತೆಗೆ ತೌಡಿನ ಚೂಪು ಚೂರುಗಳು ಅಂಟಿನ ಜಾಲವನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಪೂರ್ತಿ ಗೋಧಿಹಿಟ್ಟಿನಲ್ಲಿ ಮಾಡಿದರೆ ತೂತುಗಳು ಮುಚ್ಚಿಕೊಂಡ, ತಗ್ಗಿನ ಬ್ರೆಡ್ಡು ಸಿಗುತ್ತದೆ. ಮೂರರಲ್ಲಿ ಒಂದು ಪಾಲು ಬೆರೆಸಿ, ನೀರು ಎರಡು ಮೂರು ಚಮಚ ಹೆಚ್ಚಿಸಿದರೆ ರುಚಿಗೂ ಎತ್ತರಕ್ಕೂ ರಾಜಿಯಾಗುತ್ತದೆ. ನಾನು ಮಾಡಿಕೊಳ್ಳುವುದೂ ಹಾಗೆಯೇ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಜವೆ ಗೋಧಿಯನ್ನು ಬ್ರೆಡ್ಡಿಗೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಹುಗ್ಗಿ, ಮಾದಲಿ, ಶಾವಿಗೆಗಳ ಈ ಹಳೆಯ ಗೋಧಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಉಳಿಸಿ ಬೆಳೆಸಿದೆ. ಡಿಡಿಕೆ-1025, ಡಿಡಿಕೆ-1029 ಎಂಬ ತಳಿಗಳು ಅಲ್ಲಿಯವು. ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಅದರ ಅಂಟು ಬಲವಿಲ್ಲದ್ದು, ಉಬ್ಬಿದ್ದನ್ನು ಹಿಡಿದು ನಿಲ್ಲಿಸುವುದಿಲ್ಲ, ಕಾವಲಿಯ ಮೇಲೆ ಹಿಟ್ಟು ಹರಿದುಹೋಗುತ್ತದೆ. ಕಾಲು ಪಾಲಿಗಿಂತ ಹೆಚ್ಚು ಹಾಕಬೇಡಿ. ಜೋಳ, ರಾಗಿಗಳಲ್ಲಂತೂ ಗ್ಲುಟೆನ್ ಇಲ್ಲವೇ ಇಲ್ಲ. ಒಂದು ಹಿಡಿ ರಾಗಿ ಹಿಟ್ಟು ಬಣ್ಣಕ್ಕೂ ರುಚಿಗೂ ಚೆಂದ, ಅಷ್ಟಕ್ಕೇ ನಿಲ್ಲಿಸಬೇಕು. ಹಿಟ್ಟು ಹಲಗೆಗೆ ಅಂಟದಂತೆ, ಬಟ್ಟೆಗೆ ಹಿಡಿಯದಂತೆ ಉದುರಿಸಿಕೊಳ್ಳಲು ಮಾತ್ರ ಅಕ್ಕಿಹಿಟ್ಟಿನಷ್ಟು ಒಳ್ಳೆಯದು ಬೇರೆ ಇಲ್ಲ. ಲೇಹಿ ಹೇಳಿದ ಗೋಧಿತೌಡು, ಮೆಕ್ಕೆಜೋಳದ ಹಿಟ್ಟಿಗಿಂತ ಅದು ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ.

ಕೈಗೆ ಅಂಟುವ ಹಿಟ್ಟನ್ನು ಕಂಡು ಹೆದರಿ ಮತ್ತಷ್ಟು ಮೈದಾ ಸುರಿಯುವುದು ಎಲ್ಲರೂ ಮಾಡುವ ಕೆಲಸ. ಬೇಡ. ಕೈ ಒದ್ದೆ ಮಾಡಿಕೊಂಡರೆ ಅಂಟು ಬಿಡುತ್ತದೆ. ಕಲಸಿದ ಅರ್ಧ ಗಂಟೆಯ ಮೇಲೆ ಒಮ್ಮೆ, ಇನ್ನರ್ಧ ಗಂಟೆಗೆ ಮತ್ತೊಮ್ಮೆ ಒದ್ದೆ ಕೈಯಿಂದ ಅಂಚನ್ನು ಎಳೆದು ನಡುವಿಗೆ ಮಡಚಿದರೆ ನಮ್ಮ ಬಲವಿಲ್ಲದ ಮೈದಾಕ್ಕೂ ಮೈ ಬರುತ್ತದೆ. ಇದು ನಾದಿದಂತಲ್ಲವೇ ಎಂದರೆ, ಸ್ವಲ್ಪ ಹೌದು. ಅದರಲ್ಲಿ ನಾಚಿಕೆಯೇನಿಲ್ಲ. 2008ರಲ್ಲಿ ‘ಕುಕ್ಸ್ ಇಲಸ್ಟ್ರೇಟೆಡ್’ ಪತ್ರಿಕೆಗಾಗಿ ಕೆಂಜಿ ಲೋಪೆಜ್-ಆಲ್ಟ್ ಈ ಪಾಕವನ್ನು ತಿದ್ದಿದಾಗ ಅವರೂ ನೀರು ಇಳಿಸಿ, ಹತ್ತು ಹದಿನೈದು ಸಲ ನಾದುವುದನ್ನು ವಾಪಸ್ ತಂದರು. ಹುದುಗಿನ ರುಚಿ ಬೇಗ ಬರಲೆಂದು ಸ್ವಲ್ಪ ಬಿಯರ್, ಒಂದು ಚಮಚ ವಿನೆಗರ್ ಸೇರಿಸಿ, ‘ಹೆಚ್ಚುಕಡಿಮೆ ನಾದದ ಬ್ರೆಡ್ಡು’ ಎಂದು ಹೆಸರಿಟ್ಟರು. ಬ್ರೆಡ್ಡಿನ ಆಕಾರ ಚೆನ್ನಾಯಿತು. ಮುಚ್ಚಳವನ್ನು ಅವರೂ ಬಿಡಲಿಲ್ಲ.

ಬೇಯುವುದರಲ್ಲಿ ನಮ್ಮವರು ಎಡವುವುದು ಕೊನೆಯ ಹತ್ತು ನಿಮಿಷದಲ್ಲಿ. ಮುಚ್ಚಳ ತೆಗೆದ ಸ್ವಲ್ಪ ಹೊತ್ತಿಗೆ ಹೊಂಬಣ್ಣ ಬರುತ್ತದೆ, ಸೀದೀತೆಂಬ ಭಯಕ್ಕೆ ಹೊರಗೆ ತೆಗೆಯುತ್ತೇವೆ. ಆಗ ಮೇಲೆ ಗರಿಯಿದ್ದರೂ ಒಳಗಿನ ನೀರು ಅರ್ಧ ಗಂಟೆಯಲ್ಲಿ ಹೊರಪದರಕ್ಕೆ ಇಳಿದು ಎಲ್ಲ ಮೆತ್ತಗಾಗುತ್ತದೆ. ಇಟ್ಟಿಗೆಯ ಬಣ್ಣ ಬರಬೇಕು, ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುವಿನಲ್ಲಿ 96ರಿಂದ 98 ಡಿಗ್ರಿ ತೋರಿಸಬೇಕು. ಹೊರತೆಗೆದು ಜಾಲರಿಯ ಮೇಲಿಟ್ಟರೆ ಹೊರಪದರ ತಣಿದು ಬಿರಿಯುವ ಚಿಟಚಿಟ ಕೆಲವು ನಿಮಿಷ ಕೇಳುತ್ತದೆ. ಒಂದು ಗಂಟೆ ಕತ್ತರಿಸುವ ಹಾಗಿಲ್ಲ. ಒಳಗಿನ ಪಿಷ್ಟ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಬಿಸಿಯಲ್ಲೇ ಚಾಕು ಹಾಕಿದರೆ ತಿರುಳು ಮುದ್ದೆಯಾಗಿ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಈ ಗಂಟೆ ಹಿಂದಿನ ಹದಿನೆಂಟು ಗಂಟೆಗಿಂತ ಉದ್ದ.

ಇದಕ್ಕೆ ಜ್ಯಾಮ್ ಹಚ್ಚುವುದು ನನಗೆ ಸೇರುವುದಿಲ್ಲ. ಬೆಣ್ಣೆ ಹಚ್ಚಿ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ, ಅಥವಾ ಹೊರಪದರದ ತುಂಡನ್ನು ಬಿಸಿ ಸಾರಿಗೆ ಅದ್ದಿ ತಿಂದು ನೋಡಿ. ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಗರಿ ಹೋಯಿತು. ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ ಬಿರುಸಾಗುತ್ತದೆ. ಕತ್ತರಿಸಿದ ಮೈಯನ್ನು ಹಲಗೆಗೆ ಕವುಚಿ, ಮೇಲೊಂದು ಹತ್ತಿಬಟ್ಟೆ ಹೊದಿಸಿದರೆ ಮರುದಿನಕ್ಕೂ ಚೆನ್ನಾಗಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದು ನಡೆಯುವುದಿಲ್ಲ, ಸಂಜೆಯೊಳಗೆ ಹೊರಪದರ ನೀರೆಳೆದುಕೊಳ್ಳುತ್ತದೆ. ತಿನ್ನುವ ಮೊದಲು ಹೋಳುಗಳನ್ನು ಕಾವಲಿಯ ಮೇಲೆ ಬಿಸಿ ಮಾಡಿಕೊಳ್ಳಬೇಕು. ಮೂರನೇ ದಿನಕ್ಕೆ ಅದು ಕಲ್ಲು. ಆಗ ಚೂರು ಮಾಡಿ, ನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟು, ಸಾಸಿವೆ, ಕಡಲೆಬೇಳೆ, ಹಸಿಮೆಣಸು, ಈರುಳ್ಳಿಯ ಒಗ್ಗರಣೆಗೆ ಹಾಕಿ. ಮೆತ್ತನೆಯ ಪೊಟ್ಟಣದ ಬ್ರೆಡ್ಡಿನ ಉಪ್ಪಿಟ್ಟು ಬಾಣಲೆಯಲ್ಲೇ ಹಿಟ್ಟಾಗಿಬಿಡುತ್ತದೆ. ಇದರದ್ದು ಬಿಡಿಬಿಡಿಯಾಗಿ ನಿಲ್ಲುತ್ತದೆ. ನಿಂಬೆಹಣ್ಣು ಹಿಂಡುವುದು ಒಲೆ ಆರಿಸಿದ ಮೇಲೆ.